ತಿಲಕನ ಮೋಡೆಮ್ ಎದ್ದ ದಿನ

ಗುರುವಾರ ಬೆಳಿಗ್ಗೆ ದುಬೈಯ ಆಫೀಸಿನಲ್ಲಿ ತಿಲಕ್ ಸ್ವಿಚ್ ಹಾಕಿದಾಗ ಮೋಡೆಮ್ ಎದ್ದಿತು, ಟವರ್ ಹುಡುಕಿತು, ಟವರ್ ಸಿಕ್ಕಿದ್ದೂ ಹೌದು. ಅಲ್ಲಿಗೆ ಮುಗಿಯಿತು. ಇಂಟರ್ನೆಟ್ ಬರಲಿಲ್ಲ. ನೆಂಟರ ಮನೆ ಬಾಗಿಲು ತಟ್ಟಿ, ಬಾಗಿಲು ತೆರೆದ ಮೇಲೆ ಬಂದದ್ದೇಕೆಂದು ಮರೆತವನ ಹಾಗೆ ಅದು ನಿಂತುಬಿಟ್ಟಿತು.

ಬೇರೆ ದಿನವಾಗಿದ್ದರೆ ಅವನು ಒಂದು ಚಹಾ ಕುಡಿದು ಬಂದು ನೋಡುತ್ತಿದ್ದ. ಆದರೆ ಆ ಮಧ್ಯಾಹ್ನವೇ ಅಬುಧಾಬಿಯ ಬನಿಯಾಸಿನಲ್ಲಿ, ನೀರಿನ ಟ್ಯಾಂಕರ್ ಕಂಪನಿಯೊಂದರ ಯಜಮಾನರ ಎದುರು ಡೆಮೊ ಇತ್ತು. ಅವರನ್ನು ಎಲ್ಲರೂ ಅರ್ಬಾಬ್ ಎನ್ನುತ್ತಿದ್ದರು. ಈ ಮೋಡೆಮ್ ಇರುವ ಪೆಟ್ಟಿಗೆ ಟ್ಯಾಂಕರಿಗೊಂದು, ಗಾಡಿ ಎಲ್ಲಿದೆ, ನೀರೆಷ್ಟಿದೆ ಎಂದು ಅದೇ ತಿಳಿಸಬೇಕು. ಮೆಚ್ಚುಗೆಯಾದರೆ ಪೆಟ್ಟಿಗೆಗಳನ್ನು ನೋಡಿಕೊಳ್ಳಲು ಒಬ್ಬನನ್ನು ಬನಿಯಾಸಿನಲ್ಲೇ ಇರಿಸಿಕೊಂಡು, ಅವನಿಗೆ ಎಂಜಿನಿಯರ್ ವೀಸಾವನ್ನೂ ಸಂಸಾರಕ್ಕೆ ಮನೆಯನ್ನೂ ಕೊಡುವುದಾಗಿ ಅರ್ಬಾಬ್ ಹೇಳಿದ್ದರು.

ತಿಲಕನ ಜೀವವೆಲ್ಲ ಆ ವೀಸಾದ ಮೇಲಿತ್ತು. ಅವನ ಈಗಿನ ವೀಸಾದಲ್ಲಿ ಹುದ್ದೆ ‘ಎಸಿ ಮೆಕ್ಯಾನಿಕ್’ ಎಂದಿತ್ತು. ಅವನು ಸೇರುವಾಗ ಕಂಪನಿಯ ಕೈಯಲ್ಲಿ ಉಳಿದಿದ್ದದ್ದು ಆ ವೀಸಾ ಒಂದೇ. ಗಲ್ಫಿನಲ್ಲಿ ಇದು ಯಾರೂ ಹುಬ್ಬೇರಿಸುವ ಸಂಗತಿಯಲ್ಲ. ಆದರೆ ಅದನ್ನಿಟ್ಟುಕೊಂಡು ಹೆಂಡತಿ ಮಗಳನ್ನು ಕರೆಸಿಕೊಳ್ಳುವಂತಿರಲಿಲ್ಲ. ಸುಪ್ರೀತಾ ಕಾಪುವಿನ ತವರಿನಲ್ಲಿದ್ದಳು. ಮಗಳು ಅಶ್ಮಿತಾ, ಅಪ್ಪನೆಂದರೆ ಫೋನಿನೊಳಗೆ ವಾಸಿಸುವ ಮನುಷ್ಯ ಎಂದು ತಿಳಿದಿದ್ದಳು. ರಜೆಯ ದಿನ ತಿಲಕ್ ಊದ್ ಮೇಥಾ ಬಡಾವಣೆಗೆ ಹೋಗಿ ಶಾಲೆಗಳ ಎದುರು ಸುಮ್ಮನೆ ನಡೆದು ಬರುತ್ತಿದ್ದ. ಗೇಟು ಮುಚ್ಚಿದ್ದರೂ ಸಂದಿನಿಂದ ಒಳಗೆ ಇಣುಕಿ ನೋಡುತ್ತಿದ್ದ.

ಅವನ ಕೆಲಸ ಸಾಮಾನ್ಯದ್ದಲ್ಲ. ಮೊದಲೆಲ್ಲ ಮೋಡೆಮ್ ಎಂದರೆ ಬೇರೆಯೇ ಒಂದು ಡಬ್ಬಿ. ಈಗ ಅದು ಮೊಬೈಲ್ ಚಿಪ್ಪಿನೊಳಗೇ ಪ್ರೊಸೆಸರಿನ ಪಕ್ಕ ಸಂಸಾರ ಹೂಡಿರುತ್ತದೆ. ಒಂದೇ ಕೋಣೆಗೆ ಪ್ಲೈವುಡ್ಡಿನ ಪಾರ್ಟಿಶನ್ ಹಾಕಿ ಎರಡು ಕುಟುಂಬ ಇರುವುದಿಲ್ಲವೇ, ಹಾಗೆ. ಮೆಮೊರಿ ಎಂಬ ಫ್ರಿಜ್ಜು ಇಬ್ಬರಿಗೂ ಒಂದೇ. ಯಾರು ಯಾವಾಗ ಏನಿಡಬೇಕು, ಮಲಗಿದವರನ್ನು ಹೇಗೆ ಎಬ್ಬಿಸಬೇಕು ಎಂದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ನಲ್ಲಿ ಕೂತು ಪಂಚಾಯತಿ ಮಾಡುವ ಪ್ರೋಗ್ರಾಮೇ ಡ್ರೈವರ್. ತನ್ನ ಡ್ರೈವರಿನಲ್ಲಿ ತಿಲಕ್ ಆಜ್ಞೆಗೊಂದು, ಡೇಟಾಕ್ಕೊಂದು ಬೇರೆ ಬೇರೆ ದಾರಿ ಮಾಡಿದ್ದ. ಕರ್ನಲ್ ನೋಡಿಕೊಳ್ಳುವ ದೇಶವಿದೇಶದವರಿಗೆ ಅದನ್ನು ಮೇಲ್ ಮಾಡಿ, ಬೈಸಿಕೊಂಡು, ತಿದ್ದಿ, ಮತ್ತೆ ಬೈಸಿಕೊಂಡು, ಕೊನೆಗೊಬ್ಬ ಜರ್ಮನ್ ಮಹಾಶಯನಿಂದ ‘ಈಗ ಸರಿಯಿದೆ’ ಎನ್ನಿಸಿಕೊಂಡಿದ್ದ. ಆ ಎರಡು ಮಾತನ್ನು ದೇವರ ಪ್ರಸಾದದಂತೆ ಕಾಪಾಡಿಕೊಂಡು ಬಂದಿದ್ದ.

ಈಗ ನೋಡಿದರೆ ಈ ಅವಸ್ಥೆ. ಹಿಂದಿನ ಸಂಜೆಯಷ್ಟೇ ಮೋಡೆಮನ್ನು ಮಲಗಿಸುವ ಭಾಗವನ್ನು ಅವನು ತಿದ್ದಿದ್ದ. ತಪ್ಪು ತನ್ನದೇ ಎಂದು ಅವನ ಮನಸ್ಸು ಆಗಲೇ ತೀರ್ಪು ಕೊಟ್ಟಾಗಿತ್ತು.

“ಎಂತ ಆಯ್ತು ಮಾರಾಯ?” ಎನ್ನುತ್ತ ತಿಲಕನ ಕಂಪನಿಯ ಯಜಮಾನ ಕೃಷ್ಣಪ್ಪ ಬಂದರು. ಉಡುಪಿಯವರು, ಒಳ್ಳೆಯ ಮನುಷ್ಯ, ಗಾಬರಿಗೆ ಬೇಗ ಬೀಳುವವರು.

“ಡೇಟಾ ಓಪನ್ ಆಗ್ತಾ ಇಲ್ಲ ಸರ್. ಸ್ವಲ್ಪ ಟೈಮ್ ಕೊಡಿ.”

“ಟೈಮ್ ಎಲ್ಲಿ ಉಂಟು? ನಿಲ್ಲು.” ಅವರು ಒಳಗೆ ಹೋಗಿ ಊರ ದೇವಸ್ಥಾನದ ಗಂಧವನ್ನು ನೀರಿನಲ್ಲಿ ಕಲಸಿ ತಂದು, ತಿಲಕ್ ಬೇಡವೆನ್ನುವುದರೊಳಗೆ ಬೋರ್ಡಿನ ನಡುಮಧ್ಯೆ ಹಚ್ಚಿಯೇಬಿಟ್ಟರು. ಚಟ್ ಎಂದಿತು. ಅಷ್ಟು ಹೊತ್ತು ಟವರನ್ನಾದರೂ ಕಾಣುತ್ತಿದ್ದ ಮೋಡೆಮ್ ಕಣ್ಣು ಮುಚ್ಚಿತು.

“ಒದ್ದೆ ಅಲ್ವಾ, ಒಣಗಿಸ್ಬೇಕು,” ಎಂದು ಅಕೌಂಟ್ಸಿನ ಉರ್ಸುಲಾ ಬಾಯಿ ನಡುವೆ ಬಂದರು. “ಟಾಯ್ಲೆಟ್ಟಲ್ಲಿ ಕೈ ಒಣಗಿಸುವ ಮಿಶಿನ್ ಉಂಟಲ್ಲಾ. ಗಂಡಸರದ್ದು ಹಾಳಾಗಿದೆ. ನೀವು ನಮ್ಮದಕ್ಕೆ ಬನ್ನಿ, ನಾನು ಬಾಗಿಲಲ್ಲಿ ನಿಲ್ತೇನೆ.”

ಹೀಗೆ ಜರ್ಮನಿಯವರೂ ಒಪ್ಪಿದ ವಿನ್ಯಾಸಕಾರ ತಿಲಕ್, ಬೋರ್ಡನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಹಿಡಿದು, ಹೆಂಗಸರ ಟಾಯ್ಲೆಟ್ಟಿನಲ್ಲಿ ಬಿಸಿಗಾಳಿಗೆ ಒಡ್ಡಿ ನಿಂತ. ಅಷ್ಟರಲ್ಲಿ ಉರ್ಸುಲಾ ಬಾಯಿಗೆ ಫೋನ್ ಬಂದು ಅವರು ಪಡಸಾಲೆಯ ಆ ತುದಿಗೆ ಹೋದರು. ಪಕ್ಕದ ಟ್ರಾವೆಲ್ಸಿನ ಹುಡುಗಿ ಒಳಗೆ ಬಂದು, ಅವನನ್ನು ಕಂಡು ಕೂಗಿಕೊಂಡಳು. ವಾಚ್‌ಮನ್ ಓಡಿ ಬಂದ. ತಿಲಕ್ ಐಡಿ ತೋರಿಸಿದ. ಎಸಿ ಮೆಕ್ಯಾನಿಕ್ ಎಂಬುದನ್ನು ಓದಿದ ವಾಚ್‌ಮನ್ ಕೂಡಲೇ ಶಾಂತನಾಗಿ, ರಿಪೇರಿಗೆ ಬಂದವನೆಂದು ಬಿಟ್ಟುಬಿಟ್ಟ. ಆ ವೀಸಾದಿಂದ ತಿಲಕನಿಗಾದ ಉಪಕಾರ ಅದೊಂದೇ.

ಬೋರ್ಡು ಒಣಗಿತು. ಮೋಡೆಮ್ ಮತ್ತೆ ಟವರ್ ಕಂಡಿತು. ಇಂಟರ್ನೆಟ್ ಮಾತ್ರ ಇಲ್ಲ.

ಆಗ ಪಕ್ಕದ ಮೇಜಿನ ರಂಜಿತ್ ಕುರ್ಚಿ ತಿರುಗಿಸಿದ. “ತಿಲಕಣ್ಣ, ಬೇಜಾರ್ ಮಾಡ್ಬೇಡಿ. ನಾನೊಂದು ಡ್ರೈವರ್ ಮಾಡಿಟ್ಟಿದ್ದೇನೆ. ಹಾಕಿ ನೋಡುವನಾ?”

ರಂಜಿತನ ಡ್ರೈವರ್ ಎಂದರೆ ಶುದ್ಧ ಅಡ್ಡದಾರಿ. ಚಿಪ್ಪಿನೊಳಗಿನ ಮೋಡೆಮನ್ನು ಹಳೇ ಕಾಲದ ಡಬ್ಬಿಯೆಂದೇ ನಂಬಿಸಿ, ಆಜ್ಞೆಯನ್ನೂ ಡೇಟಾವನ್ನೂ ಒಂದೇ ಕೊಳವೆಯಲ್ಲಿ ದೂಡುವುದು. ಟವರ್ ತಪ್ಪಿತೋ, ಅದು ಸಿಕ್ಕಿಹಾಕಿಕೊಂಡು ನಿಲ್ಲುತ್ತದೆ. ಯಾರಾದರೂ ಹೋಗಿ ಆಫ್ ಮಾಡಿ ಆನ್ ಮಾಡಬೇಕು.

“ಅದನ್ನು ಹಾಕುದಕ್ಕಿಂತ ನಾನು ಊರಿಗೆ ಹೋಗ್ತೇನೆ,” ಎಂದ ತಿಲಕ್.

“ಎರಡೂ ಆಗ್ಲಿ,” ಎಂದರು ಕೃಷ್ಣಪ್ಪ. “ಮೊದ್ಲು ಅದನ್ನು ಹಾಕು. ಯಲ್ಲಾ, ಹೊರಡುವ.”

ಕಾರು ಓಡಿಸುತ್ತಿದ್ದವರು ಕುಂಞಾಲಿ. ಕಂಪನಿಯ ವೀಸಾ, ಲೇಬರ್, ಐಡಿ ಕೆಲಸಗಳಿಗೆಲ್ಲ ಕಚೇರಿಯಿಂದ ಕಚೇರಿಗೆ ಓಡಾಡುವ ಹಿರಿಯ ಬ್ಯಾರಿ. ಬೆಳಿಗ್ಗೆ ಎಲ್ಲಿಗೋ ಹೋಗಿದ್ದವರು ಸ್ವಲ್ಪ ಹೊತ್ತಿನ ಮೊದಲಷ್ಟೇ ಮರಳಿದ್ದರು. ತಿಲಕ್ ಮುಂದಿನ ಸೀಟಿನಲ್ಲಿ ಕೂತ. ಹಿಂದೆ ರಂಜಿತ್ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ತನ್ನ ಡ್ರೈವರ್ ಹಾಕಿ ಸ್ವಿಚ್ ಒತ್ತಿದ.

“ಬಂತು! ಇಂಟರ್ನೆಟ್ ಬಂತು ಸರ್!”

ಕೃಷ್ಣಪ್ಪ ಅವನ ಬೆನ್ನು ತಟ್ಟಿದರು. “ನೋಡು ತಿಲಕ್, ದೊಡ್ಡ ದೊಡ್ಡ ಡಿಸೈನ್ ಎಂತಕ್ಕೆ? ಬನಿಯಾಸಿಗೆ ರಂಜಿತನೇ ಇರ್ಲಿ. ಬೇಜಾರ್ ಮಾಡ್ಬೇಡ ಆಯ್ತಾ?”

ತಿಲಕ್ ಕಿಟಕಿಯ ಕಡೆ ಮುಖ ತಿರುಗಿಸಿದ. ಕಣ್ಣು ತುಂಬಿ ಬಂದಿತ್ತು. ಮರಳೂ ರಸ್ತೆಯೂ ಒಂದಾಗಿ ಕಂಡವು. ಈ ಸಲ ನೀವಿಬ್ಬರೂ ಬಂದೇ ಬರುತ್ತೀರಿ ಎಂದು ಸುಪ್ರೀತಾಳಿಗೆ ಹೇಳಿಬಿಟ್ಟಿದ್ದ.

ಬನಿಯಾಸಿನಲ್ಲಿ ಅರ್ಬಾಬ್ ಅರಬ್ಬರ ಕಾಫಿಯಾದ ಖಾವಾ ಕೊಟ್ಟು ಕೂರಿಸಿದರು. ಪೆಟ್ಟಿಗೆ ಟ್ಯಾಂಕರಿಗೆ ಏರಿತು, ಪರದೆಯ ಮೇಲೆ ಟ್ಯಾಂಕರ್ ಮೂಡಿತು. “ಸೀದಾ ಹೋಯ್ತು,” ಎಂದು ಕೃಷ್ಣಪ್ಪ ಬೀಗಿದರು.

“ಹೋಗದೆ ಎಂತ?” ಎಂದರು ಬಾಗಿಲ ಬಳಿ ನಿಂತಿದ್ದ ಕುಂಞಾಲಿ. “ಸಿಮ್ಮು ಸರಿ ಆಯ್ತಲ್ಲಾ.”

ಮೂವರೂ ಅವರತ್ತ ತಿರುಗಿದರು. “ಯಾವ ಸಿಮ್ಮು ಕುಂಞಾಲಿಚ್ಚ?” ಎಂದ ತಿಲಕ್.

“ಇದರೊಳಗಿನದ್ದು. ನನ್ನ ಹೆಸರಲ್ಲಿ ಉಂಟಲ್ಲಾ? ಐಡಿ ತಂದು ಪುನಃ ರಿಜಿಸ್ಟರ್ ಮಾಡಿ ಅಂತ ಫೋನ್ ಕಂಪನಿಯವರು ಎಷ್ಟು ಸಲ ಹೇಳಿದ್ರು, ನಾನು ಮರ್ತದ್ದು. ಬೆಳಿಗ್ಗೆ ಇಂಟರ್ನೆಟ್ ಕಟ್ ಮಾಡಿ ಮೆಸೇಜ್ ಹಾಕಿದ್ರು. ಹೋಗಿ ಸರಿ ಮಾಡಿಸಿ ಬಂದೆ, ಸ್ವಲ್ಪ ಹೊತ್ತಲ್ಲಿ ಬರ್ತದೆ ಅಂದಿದ್ರು.”

“ಹೇಳ್ಬಾರ್ದಿತ್ತಾ?” ಎಂದರು ಕೃಷ್ಣಪ್ಪ.

“ಯಾರು ಕೇಳಿದ್ರು? ನಾನು ಬರುವಾಗ ನೀವೆಲ್ಲಾ ಗಂಧ ಒಣಗಿಸುದ್ರಲ್ಲಿ ಇದ್ರಿ.”

ತಿಲಕ್ ರಂಜಿತನ ಕೈಯಿಂದ ಲ್ಯಾಪ್‌ಟಾಪ್ ತೆಗೆದುಕೊಂಡು ತನ್ನ ಡ್ರೈವರ್ ಹಾಕಿದ. ಮೋಡೆಮ್ ಕಣ್ಣು ಬಿಟ್ಟಿದ್ದೇ ಇಂಟರ್ನೆಟ್ಟಿಗೆ. ಕೃಷ್ಣಪ್ಪ ನ್ಯಾಯದ ಮನುಷ್ಯ. ಎದ್ದು ಬಂದು ಅವನ ಕೈ ಹಿಡಿದರು. “ತಪ್ಪಾಯ್ತು ಮಾರಾಯ. ನಿನ್ನದೇ ಇರ್ಲಿ. ಬನಿಯಾಸಿಗೆ ನೀನೇ.” ರಂಜಿತನೂ ಮನಸಾರೆ ನಕ್ಕ.

ಅರ್ಬಾಬಿಗೆ ಕುತೂಹಲವಾಯಿತು. ಗಲ್ಫಿನ ಹಿಂದಿಯಲ್ಲಿ ಕೇಳಿದರು, ಮೊದಲಿನದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಇಷ್ಟು ತಿಂಗಳಲ್ಲಿ ಆ ಪ್ರಶ್ನೆಯನ್ನು ತಿಲಕನಿಗೆ ಪ್ರೀತಿಯಿಂದ ಯಾರೂ ಕೇಳಿರಲಿಲ್ಲ. ಅವನು ಕಟ್ಟೆಯೊಡೆದಂತೆ ಹೇಳತೊಡಗಿದ. ಅದು ಮರುಭೂಮಿಯಲ್ಲಿ ಟವರ್ ತಪ್ಪಿದರೆ ಸತ್ತಂತೆ ಬಿದ್ದಿರುತ್ತದೆ, ಇದು ತಾನೇ ಏಳುತ್ತದೆ. ಅದಕ್ಕೆ ಮನುಷ್ಯ ಹೋಗಬೇಕು, ಇದನ್ನು ದುಬೈಯಲ್ಲಿ ಕೂತೇ ನೋಡಿಕೊಳ್ಳಬಹುದು.

“ಹಾಗಾದರೆ ಇದು ಕೆಡುವುದಿಲ್ಲ?”

ಕೃಷ್ಣಪ್ಪ ಕೆಮ್ಮಿದರು. ರಂಜಿತ್ ಮೇಜಿನಡಿ ಕಾಲು ತುಳಿದು, “ತಿಲಕಣ್ಣ, ಸಾಕು ಸಾಕು,” ಎಂದು ಪಿಸುಗುಟ್ಟಿದ.

“ಕೆಡುವುದೇ ಇಲ್ಲ ಅರ್ಬಾಬ್! ನೋಡಿಕೊಳ್ಳಲು ಒಬ್ಬನೂ ಬೇಡ. ನನ್ನ ಗ್ಯಾರಂಟಿ!”

ಅರ್ಬಾಬ್ ಮೇಜು ತಟ್ಟಿ ಎದ್ದರು. ಎಲ್ಲ ಟ್ಯಾಂಕರಿಗೂ ಇದನ್ನೇ ಹಾಕಿ ಎಂದರು. ತಿಲಕನನ್ನು ತಬ್ಬಿಕೊಂಡು, ಕೈಗೆ ಖರ್ಜೂರದ ಡಬ್ಬಿ ಕೊಟ್ಟು, ಕೃಷ್ಣಪ್ಪನವರ ಕಡೆ ತಿರುಗಿ ಸಂತೋಷದಿಂದ ಹೇಳಿದರು: “ಖಲಾಸ್! ಎಂಜಿನಿಯರ್ ಮಾಫಿ!”

ಎಂಜಿನಿಯರ್ ಬೇಕಿಲ್ಲ. ಅರ್ಥ ಬಿಡಿಸಿ ಹೇಳುವ ಅಗತ್ಯ ಯಾರಿಗೂ ಬೀಳಲಿಲ್ಲ.

ಮರಳುವ ದಾರಿಯಲ್ಲಿ ಸುಪ್ರೀತಾಳ ಫೋನ್ ಬಂತು.

“ಎಂತ ಆಯ್ತು? ಯಾರದ್ದನ್ನು ತಗೊಂಡ್ರು?”

“ನನ್ನದನ್ನೇ.”

“ಅಯ್ಯೋ ದೇವ್ರೇ! ಹಾಗಾದ್ರೆ ನಾವು ಯಾವಾಗ ಬರುದು?”

ತಿಲಕ್ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಆ ಕಡೆ ಅಶ್ಮಿತಾ ಏನೋ ಹಾಡಿಕೊಳ್ಳುತ್ತಿರುವುದು ಕೇಳಿಸುತ್ತಿತ್ತು.

“ನಿಮಗೆ,” ಎಂದಳು ಕೊನೆಗೆ ಸುಪ್ರೀತಾ, ಸಿಟ್ಟೂ ಇಲ್ಲದೆ, ನಗೆಯೂ ಇಲ್ಲದೆ, “ಸ್ವಲ್ಪ ಕೆಡುವ ಹಾಗೆ ಮಾಡ್ಲಿಕ್ಕೆ ಬರುದಿಲ್ವಾ?”

“ಬರುದಿಲ್ಲ ಸುಪ್ರಿ,” ಎಂದ ತಿಲಕ್.