ಮಾತು ಹಾರಿಸುವ ಪ್ಲಗಿನ್

ಕೊಸರು ಕೇಳದೆ ಏನನ್ನೂ ಕೊಳ್ಳಬಾರದು ಎಂಬುದು ನನ್ನ ಸಿದ್ಧಾಂತ. ಬದನೆಕಾಯಿ ಕೊಂಡರೆ ಕರಿಬೇವು, ಬಟ್ಟೆ ಕೊಂಡರೆ ಕೈಚೀಲ. ಪುಕ್ಕಟೆ ಸಿಗುವುದರಲ್ಲೂ ಚೌಕಾಸಿಗೆ ಜಾಗ ಇದ್ದೇ ಇರುತ್ತದೆ. ನೋಡುವ ಕಣ್ಣು ಬೇಕು. ಆ ಕಣ್ಣೇ ನನ್ನನ್ನು ಇಂಟರ್‌ನೆಟ್ ರೇಡಿಯೋ ಆ್ಯಪ್‌ಗೆ ಪ್ಲಗಿನ್ ಬರೆಯುವವನನ್ನಾಗಿ ಮಾಡಿತು. ಪ್ಲಗಿನ್ ಎಂದರೆ ಗಾಬರಿಯಾಗಬೇಡಿ. ಹಳೇ ಫ್ಯಾನಿಗೆ ಹೊಸ ರೆಗ್ಯುಲೇಟರ್ ಕೂರಿಸಿದ ಹಾಗೆ, ಇರುವ ಆ್ಯಪ್‌ಗೆ ಹೊರಗಿನಿಂದ ಸಿಕ್ಕಿಸುವ ಪುಟ್ಟ ಪ್ರೋಗ್ರಾಂ. ಫ್ಯಾನ್ ಅದೇ, ಗಾಳಿ ಮಾತ್ರ ನಾವು ಹೇಳಿದಂತೆ. ನನ್ನ ಸ್ವಿಚ್ಚು-ವೈರಿನ ಅಂಗಡಿಗೆ ಸಂಜೆಯವರೆಗೆ ಗಿರಾಕಿಗಳು ಕಡಿಮೆ. ವಿಡಿಯೋ ನೋಡಿಕೊಂಡು ಕಲಿತೆ. ನೀವೂ ಕಲಿಯಿರಿ, ತಲೆ ತುಕ್ಕು ಹಿಡಿಯುವುದಿಲ್ಲ.

ರಾಗಿಗುಡ್ಡದ ನಮ್ಮ ಮನೆಯಲ್ಲಿ ಮಧ್ಯಾಹ್ನದ ರೇಡಿಯೋ ನನ್ನ ಹೆಂಡತಿ ಗಿರಿಜೆಯದು. ಅಡುಗೆಮನೆಯ ಶೆಲ್ಫಿನ ಮೇಲಿನ ಹಳೇ ಫೋನಿನಲ್ಲಿ ಅವಳಿಗೆ ಯಾವುದೋ ದೂರದ ದ್ವೀಪದ ಸ್ಟೇಷನ್ ಸಿಕ್ಕಿತ್ತು. ಒಂದು ಹಾಡು, ಆಮೇಲೆ ಒಬ್ಬ ಹೆಂಗಸಿನ ಮಾತು, ಮತ್ತೆ ಹಾಡು. ಭಾಷೆ ನಮಗಿಬ್ಬರಿಗೂ ಬಾರದು. ಆ ದನಿ ಮಾತ್ರ ಕೊಡದಲ್ಲಿ ನೀರು ತುಂಬುವಂತೆ ಮೆಲ್ಲಗೆ ಏರುತ್ತಿತ್ತು. ಕಿಟಕಿಯ ಬಿಸಿಲು, ಒಗ್ಗರಣೆಯ ಘಮ, ನಡುವೆ ಅದು ತೇಲಿ ಬರುತ್ತಿದ್ದರೆ ಊಟಕ್ಕೆ ಬಂದ ನನಗೆ ಅಂಗಡಿಯೊಂದಿದೆ ಎಂಬುದೇ ಮರೆತು ರೆಪ್ಪೆ ಭಾರವಾಗುತ್ತಿತ್ತು. ಆದರೆ ವ್ಯಾಪಾರಿ ಬುದ್ಧಿ ಮಂಪರಿನಲ್ಲೂ ತೂಗುತ್ತದೆ. ಅರ್ಥವಾಗದ ಮಾತನ್ನು ತೆಗೆದರೆ ಪೂರ್ತಿ ಹಾಡೇ ಸಿಗುತ್ತದಲ್ಲ? ಮಾತು ಬಂದೊಡನೆ ಗುರುತಿಸಿ, ಹಾರಿಸಿ, ಆ ಜಾಗದಲ್ಲಿ ಹಿಂದೆ ಬಂದ ಹಾಡನ್ನು ಇಡುವ ಪ್ಲಗಿನ್ ಬರೆದು, ಅವಳಿಗೆ ಹೇಳದೆಯೇ ಸಿಕ್ಕಿಸಿದೆ.

ವಾರದೊಳಗೆ ಮನೆ ಏನೋ ಕಳೆದುಕೊಂಡಂತಾಯಿತು. ಗಿರಿಜೆ ರೇಡಿಯೋ ಹಾಕುವಳು, ಸ್ವಲ್ಪ ಹೊತ್ತು ಕಿವಿಗೊಟ್ಟು ನಿಲ್ಲುವಳು, ಆರಿಸುವಳು.

"ಹಾಡು ಚೆನ್ನಾಗಿಲ್ವಾ?" ಎಂದೆ.

"ಹಾಡಿಗೇನು, ಚೆನ್ನಾಗೇ ಇದೆ. ಅವಳಿಗೇನಾಯ್ತೋ. ಜ್ವರ ಅಂದ್ರೂ ಇಷ್ಟೊತ್ತಿಗೆ ಬಿಡ್ಬೇಕಿತ್ತು."

ಅಂದು ಊಟಕ್ಕೆ ಬಂದಿದ್ದ ಅವಳ ತಮ್ಮ ನಾಗರಾಜ ನನ್ನನ್ನೇ ನೋಡಿದ. ಭದ್ರಾವತಿಯ ನ್ಯೂ ಟೌನಿನವನು. ಪ್ಲಗಿನ್ನಿನ ಸಂಗತಿಯನ್ನು ಅವನ ಮುಂದೆ ನಾನೇ ಕೊಚ್ಚಿಕೊಂಡಿದ್ದೆ. ಕೈ ತೊಳೆಯುವ ನೆಪದಲ್ಲಿ ನನ್ನನ್ನು ಹಿತ್ತಲಿಗೆ ಕರೆದ.

"ಭಾವ, ನಾವು ಚಿಕ್ಕೋರಿದ್ದಾಗ ನಮ್ ಕ್ವಾರ್ಟರ್ಸಲ್ಲಿ ಪಕ್ಕದ್ಮನೆ ಅಜ್ಜಿ ತೆಲುಗಲ್ಲೇ ಕಥೆ ಹೇಳೋರು. ಅಕ್ಕಂಗೆ ತೆಲುಗು ಒಂದಕ್ಷರ ಬರ್ತಿರ್ಲಿಲ್ಲ. ಆದ್ರೂ ಹೂಂಗುಟ್ಟೋ ಕೆಲಸ ಅವಳದ್ದೇ. ಅವಳು ಹೂಂ ಅನ್ನದೆ ಅಜ್ಜಿ ಮುಂದಕ್ಕೇ ಹೋಗ್ತಿರ್ಲಿಲ್ಲ. ಈಗ ನೀವು ಆ ಅಜ್ಜಿ ಬಾಯಿಗೇ ಬಟ್ಟೆ ತುರುಕಿದೀರಲ್ಲ ಮಾರಾಯ್ರೇ."

ಲಟ್ಟಣಿಗೆಯ ಸದ್ದಿನ ಜೊತೆ ಅಡುಗೆಮನೆಯಿಂದ ಬರುತ್ತಿದ್ದ ಹೂಂಗಳು ನೆನಪಾದವು. ಅವೆಲ್ಲ ಊಟಕ್ಕೆ ಕೂತು ನಾನು ಬಿಚ್ಚುತ್ತಿದ್ದ ಅಂಗಡಿಪುರಾಣಕ್ಕೆ ಬಿದ್ದವೆಂದೇ ನಾನು ತಿಳಿದಿದ್ದೆ.

ಗಿರಿಜೆಗೆ ಎಲ್ಲ ಹೇಳಿ, ರಾಜಿಗೂ ಇಳಿದೆ. "ಬಿಡು ಮಾರಾಯ್ತಿ, ಹಾಡೆಲ್ಲ ತೆಗೆದು ಬರೀ ಅವಳ ಮಾತೇ ಬರೋ ಹಾಗೆ ಬರ್ದುಕೊಡ್ತೀನಿ."

"ಹಾಡೂ ತೆಗೆದ್ರೆ ಅವಳು ಉಸಿರು ತಗೊಳ್ಳೋದು ಯಾವಾಗ್ರೀ? ಮೊದ್ಲು ಹೇಗಿತ್ತೋ ಹಾಗೇ ಇರ್ಲಿ."

ಪ್ಲಗಿನ್ ಕಿತ್ತೆ. ದ್ವೀಪದ ಹೆಂಗಸು ಜ್ವರ ಬಿಟ್ಟು ಎದ್ದವಳಂತೆ ಮಾತಾಡಿದಳು. ಗಿರಿಜೆಯ ಕೈಯಲ್ಲಿ ಚಪಾತಿ ಮತ್ತೆ ದುಂಡಗಾಗತೊಡಗಿತು.

ಮಾತಾಡುವವರು ಆ ಹೆಂಗಸಿನಿಂದ ಕಲಿಯಬೇಕು, ಇದು ನನ್ನ ಸಲಹೆ. ನಾನೂ ಈಗ ಅಂಗಡಿಯ ಸುದ್ದಿ ಒಂದಿಷ್ಟು ಹೇಳಿ, ಒಂದು ಹಾಡಿನಷ್ಟು ಹೊತ್ತು ಸುಮ್ಮನಿರುತ್ತೇನೆ. ನಿನ್ನೆ ಹಾಗೆ ಸುಮ್ಮನಾದಾಗ ಒಲೆಯ ಕಡೆಯಿಂದ ಒಂದು "ಹೂಂ" ಬಂತು. ಅತ್ತ ರೇಡಿಯೋದವಳೂ ಆಗಷ್ಟೇ ಮಾತು ನಿಲ್ಲಿಸಿದ್ದಳು. ಯಾರಿಗೆ ಸಂದದ್ದೆಂದು ವಿಚಾರಿಸಲು ಹೋಗಲಿಲ್ಲ. ಮೆಲ್ಲಗೆ ನನ್ನ ಜೇಬಿಗೆ ಹಾಕಿಕೊಂಡು, ಕಥೆ ಮುಂದುವರಿಸಿದೆ.