ಕಡೆಯ ದೋಣಿಯನ್ನು ರದ್ದು ಮಾಡಿದ ನಿರ್ದೇಶಕರಿಗೆ

ಕಥೆಯೆಂಬ ಹಳೇ ಕಾಯಿಲೆಯಿಂದ ರಂಗಭೂಮಿಯನ್ನು ಗುಣಪಡಿಸಲು ಪಣ ತೊಟ್ಟಿರುವ ಮಾನ್ಯರೇ,

ತಾವು ಕ್ಷೇಮವೆಂದು ಪತ್ರಿಕೆಯ ಫೋಟೋದಿಂದ ತಿಳಿದು ಸಂತೋಷವಾಯಿತು. ನಾನೂ ಕ್ಷೇಮ, ಅಂದರೆ ಹಲ್ಲು ಬರುತ್ತಿರುವ ಮಗುವಿನ ತಾಯಿ ಎಷ್ಟು ಕ್ಷೇಮವಾಗಿರಬಹುದೋ ಅಷ್ಟು. ನೆಟ್ಟಗೆ ನಿದ್ದೆ ಮಾಡಿ ಬಹಳ ಕಾಲವಾದ್ದರಿಂದ ಈ ಪತ್ರದಲ್ಲಿ ಒಂದೆಡೆ ಶುರುವಾದ ವಾಕ್ಯ ಇನ್ನೆಲ್ಲೋ ಹೋಗಿ ಮುಗಿದರೆ, ತಾವು ಅದನ್ನು ಪ್ರಯೋಗಶೀಲತೆ ಎಂದು ಭಾವಿಸಿ ದೊಡ್ಡ ಮನಸ್ಸಿನಿಂದ ಮನ್ನಿಸಬೇಕು.

ತಾವು ಕೈ ಹಾಕುವ ತನಕ ಆ ಕಡೆಯ ದೋಣಿಯ ನಾಟಕವನ್ನು ನಾವೆಲ್ಲ ಪ್ರತಿ ವರ್ಷಾಂತ್ಯದ ರಜೆಯಲ್ಲೂ ನೋಡಿ, ಮುಂದೇನಾಗುತ್ತದೆಂದು ಗೊತ್ತಿದ್ದೂ ಅತ್ತು, ಮೂಗೊರೆಸಿಕೊಂಡು ಮನೆಗೆ ಹೋಗುತ್ತಿದ್ದ ದಡ್ಡರು. ಕಡಲಂಚಿಗೆ ರಜೆ ಕಳೆಯಲು ಬಂದ ಗಡಿಯಾರ ರಿಪೇರಿಯವನೂ ತಂತಿ ಕಚೇರಿಯ ಹುಡುಗಿಯೂ ಒಬ್ಬರನ್ನೊಬ್ಬರು ಮೆಚ್ಚುತ್ತಾರೆ, ಮುಂದಿನ ರಜೆಗೆ ಇದೇ ದೋಣಿಕಟ್ಟೆಯಲ್ಲಿ ಸಿಗೋಣವೆಂದು ಮಾತು ಕೊಟ್ಟುಕೊಳ್ಳುತ್ತಾರೆ, ವರ್ಷ ಕಳೆದು ಅವನು ಬಂದು ಕಾಯುತ್ತಾನೆ, ದೋಣಿಯ ಮೇಲೆ ದೋಣಿ ಬಂದು ಬರಿದಾಗುತ್ತದೆ, ಕಡೆಯ ದೋಣಿಯಿಂದ ಎಲ್ಲರೂ ಇಳಿದು ಹೋದ ಮೇಲೆ ಅವಳು ಒದ್ದೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಇಳಿಯುತ್ತಾಳೆ. ಇಷ್ಟೇ. ಕಾಲೇಜಿನ ದಿನಗಳಲ್ಲಿ ಅದನ್ನು ನಾನು ಯಾರ ಪಕ್ಕ ಕೂತು ನೋಡಿದೆನೋ ಅವರೇ ಇವತ್ತು ನಮ್ಮ ಮನೆಯವರು. ಚಪ್ಪಲಿ ಕಂಡೊಡನೆ ಅವರು ಗಳಗಳ ಅತ್ತದ್ದನ್ನು ನೋಡಿಯೇ ನಾನು ಒಪ್ಪಿದ್ದು.

ಅವರೇ ಈ ಸಲವೂ ಎರಡು ಟಿಕೆಟ್ ತಂದಿದ್ದರು. ಆದರೆ ಊರಿಗೆಲ್ಲ ರಜೆಯಿದ್ದಾಗಲೂ ವಿದ್ಯುತ್ ಕೇಂದ್ರಕ್ಕೆ ರಜೆಯಿಲ್ಲ, ಅವರ ಪಾಳಿ ಬದಲಾಯಿತು. ಮೂರು ಮಕ್ಕಳನ್ನು ಸಾಕಿದವಳಿಗೆ ಒಂದು ಕೂಸು ಭಾರವೇನೇ, ಮನೆಯಲ್ಲೇ ಕೂತು ಮಗುವಿನ ಮೂಗಿನ ಮುಂದೆ ಬೆರಳಿಟ್ಟು ಉಸಿರು ನೋಡುತ್ತಿದ್ದರೆ ನಿನಗೇ ಹುಚ್ಚು ಹಿಡಿಯುತ್ತದೆ ಎಂದು ಅತ್ತೆ ನನ್ನನ್ನು ಬಾಗಿಲಾಚೆ ದಬ್ಬಿದರು. ಹಿಂದಿನ ದಿನದ ಜ್ವರ ಆಗ ಇಳಿದಿತ್ತು. ನಾನು ಒಬ್ಬಳೇ ಬಂದೆ.

ತಮ್ಮ ರೂಪಾಂತರವನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ, ಇರುವ ಪದಗಳು ಮಕ್ಕಳ ಕಿವಿಗೆ ಬೀಳಬಾರದಂಥವು. ಕಡಲಿನ ಜಾಗದಲ್ಲಿ ನೀಲಿ ಟಾರ್ಪಾಲು. ಗಡಿಯಾರದವನ ಜಾಗದಲ್ಲಿ, ಟ್ರೆಡ್‌ಮಿಲ್ಲಿನ ಮೇಲೆ ನಿಂತಲ್ಲೇ ಓಡುತ್ತ ಏದುಸಿರಿನಲ್ಲಿ ವಿರಹ ನಿವೇದಿಸಿಕೊಳ್ಳುವ ಯುವಕ. ನಾಯಕಿಯ ಜಾಗದಲ್ಲಿ ಯಾರೂ ಇಲ್ಲ. ಕಡೆಯ ದೋಣಿ ರದ್ದಾಗಿದೆ ಎಂದು ಧ್ವನಿವರ್ಧಕ ಘೋಷಿಸಿತು. ಈ ಕಾಲದ ಪ್ರೇಯಸಿ ಬರುವುದಿಲ್ಲ, ರಿಂಗಾಗುತ್ತಾಳೆ ಎಂಬ ತಮ್ಮ ಮಹಾಸಂಶೋಧನೆಯನ್ನು ಕರಪತ್ರದಲ್ಲಿ ಓದಿ, ತಮ್ಮ ಮನೆಯವರ ಬಗ್ಗೆ ನನಗೆ ಕನಿಕರವಾಯಿತು.

ಈ ಸಂಶೋಧನೆಗಾಗಿಯೇ ತಾವು ಪ್ರೇಕ್ಷಕರ ಫೋನುಗಳನ್ನೆಲ್ಲ ಬಾಗಿಲಲ್ಲಿ ಪಡೆದು, ಆರಿಸದೆ, ರಂಗದ ಮೇಲಿನ ಗಾಜಿನ ಬೋಗುಣಿಯಲ್ಲಿ ರಾಶಿ ಹಾಕಿಸಿದಿರಿ. ಯಾವುದು ರಿಂಗಾದರೂ ನಾಯಕ ಎತ್ತಿ, ಮೈಕಿಗೆ ಹಿಡಿದು, ಅದು ಪ್ರೇಯಸಿಯ ಕರೆಯೆಂದೇ ಮಾತಾಡಬೇಕು, ಯಾರಾದರೂ ಎದ್ದು ಬಂದರೆ ಕೈ ಹಿಡಿಯಬೇಕು. ಮನೆಯಲ್ಲಿ ಹಸುಗೂಸಿದೆ ಎಂದು ಬಾಗಿಲ ಹುಡುಗಿಗೆ ಹೇಳಿದೆ. ರಿಂಗಾದರೆ ನಿಮಗೇ ಕೇಳಿಸುತ್ತಲ್ಲ ಮೇಡಂ ಎಂದು ಅವಳು ನಕ್ಕಳು. ಸುಳ್ಳಲ್ಲ, ಕೇಳಿಸಿತು.

ನಮ್ಮ ಅತ್ತೆಗೆ ಪೀಠಿಕೆ ಹಾಕಿ ಅಭ್ಯಾಸವಿಲ್ಲ. ‘ಲೇ, ಮಗು ಮೈ ಕೆಂಡ ಆಗಿದೆ ಕಣೆ. ಇಲ್ಲಿ ಎರಡು ಬಾಟಲಿ ಇದೆ, ಕನ್ನಡಕ ಸಿಗ್ತಿಲ್ಲ. ಯಾವುದು ಹಾಕ್ಲಿ, ಎಷ್ಟು ಹಾಕ್ಲಿ?’

ತಮ್ಮ ನಾಯಕ ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು, ಅಳತೆ ಯಾಕೆ ಪ್ರಿಯೆ, ಇರುವುದನ್ನೆಲ್ಲ ಸುರಿದುಬಿಡು ಎಂದ. ಸಭೆ ಘೊಳ್ಳೆಂದು ನಕ್ಕಿತು.

‘ಯಾರಪ್ಪ ನೀನು? ಡಾಕ್ಟ್ರಾ?’

‘ಹೌದು, ನಿನ್ನ ಎದೆಯ ಡಾಕ್ಟರು.’

ಮಾನ್ಯರೇ, ಆ ಎರಡು ಬಾಟಲಿಗಳಲ್ಲಿ ಒಂದು ಮಗುವಿನ ಜ್ವರದ್ದು, ಇನ್ನೊಂದು ಅತ್ತೆಯ ಕೆಮ್ಮಿನದು, ಮತ್ತು ನಮ್ಮ ಅತ್ತೆ ಜೀವಮಾನದಲ್ಲಿ ಮಾವನ ಮಾತನ್ನು ಮೀರಿರಬಹುದು, ಡಾಕ್ಟರ ಮಾತನ್ನು ಮೀರಿದವರಲ್ಲ. ಅದನ್ನು ಆ ಸಭಾಂಗಣದಲ್ಲಿ ಬಲ್ಲವಳು ನಾನೊಬ್ಬಳೇ. ಸಾಲಿನಲ್ಲಿ ಕೂತವರ ಮೊಣಕಾಲುಗಳನ್ನು ತುಳಿದುಕೊಂಡು ನಾನು ಓಡಿದೆ. ನಾನು ತಮ್ಮ ನಟಿಯೆಂದು ತಿಳಿದ ಜನ ಎದ್ದು ದಾರಿ ಬಿಟ್ಟರು, ಕೆಲವರು ನಾನು ಚೆನ್ನಾಗಿ ಗಾಬರಿಯಾಗುತ್ತೇನೆಂದು ಮೆಚ್ಚಿಕೊಂಡರು. ರಂಗದ ಮೇಲೆ ಕಾಲಿಟ್ಟದ್ದೇ ತಡ, ತಮ್ಮ ನಾಯಕ ನಿಯಮದಂತೆ ನನ್ನ ಕೈ ಹಿಡಿದ. ಎಳೆದರೂ ಬಿಡಲಿಲ್ಲ. ಕಾಲೇಜಿನಲ್ಲಿ ಭಾಷಣ ಸ್ಪರ್ಧೆಗೆ ಬಹುಮಾನ ಪಡೆದವಳ ಬಾಯಿಂದ ಹೊರಟದ್ದು ಇಷ್ಟೇ:

‘ಕೈ ಬಿಡಪ್ಪ. ಮಗುಗೆ ಜ್ವರ.’

ಅವನ ಕೈ ಸಡಿಲವಾಯಿತು. ನಾನು ಫೋನ್ ಕಿತ್ತುಕೊಂಡು, ಅತ್ತೆ, ಅವನು ಡಾಕ್ಟ್ರಲ್ಲ, ಬಿಳಿ ಮುಚ್ಚಳದ್ದು, ಡ್ರಾಪರಿನ ಮೊದಲ ಗೆರೆಯವರೆಗೆ ಮಾತ್ರ ಎಂದು ಕೂಗುತ್ತಲೇ ಹೊರಗೆ ಓಡುವಾಗ ಬೆನ್ನ ಹಿಂದೆ ಕೇಳಿಸಿದ್ದು ಚಪ್ಪಾಳೆ. ಮನೆ ಸೇರುವ ಹೊತ್ತಿಗೆ ಮಗು ಬೆವರಿ ಅತ್ತೆಯ ಹೆಗಲ ಮೇಲೆ ಮಲಗಿತ್ತು. ಕೆಮ್ಮಿನ ಔಷಧಿ ತುಂಬಿದ ಚಮಚ ಇನ್ನೂ ಮೇಜಿನ ಮೇಲೇ ಇತ್ತು. ಇಬ್ಬರೂ ಅದನ್ನು ನೋಡಿದೆವು. ಆಮೇಲೆ ಅತ್ತೆ, ಪಾಪ, ಆ ಹುಡುಗನ ಹುಡುಗಿ ಕೊನೆಗೆ ಬಂದಳೇನೇ ಎಂದು ಕೇಳಿದರು. ತಮ್ಮ ಆಧುನಿಕ ದೃಷ್ಟಿಕೋನವನ್ನು ಅವರಿಗೆ ವಿವರಿಸುವ ಶಕ್ತಿ ನನ್ನಲ್ಲಿರಲಿಲ್ಲ. ಬಂದಳು ಅತ್ತೆ ಎಂದೆ.

ಇಷ್ಟೇ ಆಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ, ಸಿಕ್ಕ ಹೊತ್ತಿನಲ್ಲಿ ಮಲಗುತ್ತಿದ್ದೆ. ಆದರೆ ವಿಮರ್ಶಕರು ನನ್ನ ಆ ಎರಡು ಮಾತುಗಳನ್ನು ತಾವು ಬರೆದ, ಈ ದಶಕದ ಶ್ರೇಷ್ಠ ಸಂಭಾಷಣೆಯೆಂದು ಕೊಂಡಾಡಿದರು, ತಾವೂ ವಿನಯದಿಂದ ಒಪ್ಪಿಕೊಂಡಿರಿ. ನಾಯಕಿಯೇ ಬೇಡವಾಗಿದ್ದ ನಾಟಕಕ್ಕೆ ಈಗ ನಾಯಕಿಯನ್ನು ನೇಮಿಸಿಕೊಂಡು, ಅವಳ ತಲೆ ಕೆದರಿಸಿ, ಹೆಗಲ ಮೇಲೆ ಹಾಲು ಕಕ್ಕಿದ ಕಲೆಯನ್ನು ಬಣ್ಣದಲ್ಲಿ ಬರೆಸಿದ್ದೀರಂತೆ. ನನ್ನ ಹೆಗಲ ಮೇಲೆ ಕಲೆಯಿತ್ತೆಂದು ನನಗೆ ತಿಳಿದದ್ದೇ ಹೀಗೆ, ಅದಕ್ಕಾಗಿ ಕೃತಜ್ಞತೆಗಳು.

ನಮ್ಮ ಮೇಲಿನ ಮನೆಯ ಟೈಲರ್ ಅಕ್ಕ ನೋಡಿ ಬಂದು, ಕೊನೆಯಲ್ಲಿ ಎಲ್ಲರೂ ಅಳುತ್ತಾರೆಂದು ಹೇಳಿದಳು. ಮಗುವಿಗೆ ಜ್ವರವೆಂದ ಮೇಲೆ ಆ ನಾಯಕಿ ಮನೆಗೆ ಹೋಗುತ್ತಾಳಲ್ಲವೇ ಎಂದು ಕೇಳಿದೆ.

‘ಎಲ್ಲಿಗೆ ಹೋಗ್ತಾಳೆ? ಅಲ್ಲೇ ನಿಂತ್ಕೊಂಡು ನಮ್ಮ ಕಡೆ ನೋಡ್ತಾಳೆ. ನೀಲಿ ಲೈಟು ಬೀಳುತ್ತೆ. ಅವನು ಕೈ ಹಿಡಿದೇ ಇರ್ತಾನೆ.’

ಮಾನ್ಯರೇ, ಇದು ನನ್ನ ದೂರು. ಫೋನೆತ್ತುವ ನಾಯಕರಿಗೆಲ್ಲ ಮಕ್ಕಳ ವೈದ್ಯದ ಪದವಿ ಕಡ್ಡಾಯವಾಗಲಿ, ಸಭಿಕರು ನಗುವ ಮುನ್ನ ಜ್ವರವೆಷ್ಟೆಂದು ಎದ್ದು ನಿಂತು ವಿಚಾರಿಸಲಿ, ನೀಲಿ ದೀಪಕ್ಕೆ ವಾಂತಿಯಾಗುವ ತನಕ ಔಷಧಿ ಕುಡಿಸಿರಿ, ಇವೆಲ್ಲ ತಮ್ಮ ಬಿಡುವಿನಂತೆ ಆಗಲಿ. ಆದರೆ ಒಂದನ್ನು ಮಾತ್ರ ನಾಳೆಯ ಆಟದಿಂದಲೇ ನಡೆಸಿಕೊಡಬೇಕು. ಮಗುವಿಗೆ ಜ್ವರವೆಂದು ಹೇಳಿದ ಹೆಂಗಸು ಹೀಗೆ ಬೆಳಕಿನಲ್ಲಿ ನಿಲ್ಲುವುದಿಲ್ಲ. ಅವಳಿಗೆ ಮುಖ ತೋರಿಸಲು ಪುರುಸೊತ್ತಿರುವುದಿಲ್ಲ. ದಯವಿಟ್ಟು ಅವಳನ್ನು ಓಡಲು ಬಿಡಿ. ಜನರ ಮೊಣಕಾಲು ತುಳಿದುಕೊಂಡು, ಸಭಾಂಗಣದ ನಡುವೆಯೇ, ಹೊರಬಾಗಿಲಿನಿಂದ ರಸ್ತೆಗೆ. ಚಪ್ಪಾಳೆಗಾಗಿ ಮರಳಿ ಕರೆಯಬೇಡಿ, ಅವಳು ಬರುವುದಿಲ್ಲ. ಖಾಲಿ ರಂಗದ ಮೇಲೆ ಬೇಕಾದರೆ ತಾವು ಬಂದು ನಿಲ್ಲಿ.

ತಮ್ಮ ಕಲೆಗೆ ತಿಳಿಯದೆಯೇ ಕೈ ಕೊಟ್ಟು, ತಿಳಿದು ಕೈ ಬಿಡಿಸಿಕೊಂಡ
ತಮ್ಮ ವಿಶ್ವಾಸಿ,
ನಡುಸಾಲಿನ ಒಬ್ಬ ತಾಯಿ

ತಾ.ಕ.: ನಾಟಕಕ್ಕೆ ನಿಜವಾದ ಮಗುವಿನ ಅಳು ಬೇಕಾಗಿದೆ, ನಮ್ಮ ಮಗುವಿನದನ್ನು ಧ್ವನಿಮುದ್ರಿಸಿ ಕಳಿಸಲು ಸಾಧ್ಯವೇ ಎಂದು ತಮ್ಮ ಸಹಾಯಕರು ಕೇಳಿದ್ದಾರೆ. ಧಾರಾಳವಾಗಿ. ಆದರೆ ಇಂಥ ಕಲೆ ಅಂಚೆಯಲ್ಲಿ ಬರುವಂಥದ್ದಲ್ಲ, ತಾವೇ ಬಂದು, ಎತ್ತಿಕೊಂಡು, ಅದು ತಾನಾಗಿ ನಿಲ್ಲಿಸುವ ತನಕ ಮನೆಯುದ್ದಕ್ಕೂ ಓಡಾಡಿ ಮುದ್ರಿಸಿಕೊಳ್ಳಬೇಕು. ಟ್ರೆಡ್‌ಮಿಲ್ ತರುವ ಅಗತ್ಯವಿಲ್ಲ. ನಾನು ಪಕ್ಕದ ಕೋಣೆಯಲ್ಲಿ ಮಲಗಿರುತ್ತೇನೆ, ಏಳಿಸಬೇಡಿ.