ಜಾಗವಿಲ್ಲದ ಫೋನಿನಲ್ಲಿ ಬಂದ ಸೀರೆ

‘ಜಾಗವಿಲ್ಲ’ ಎಂಬ ಮಾತನ್ನು ನಮ್ಮ ಮನೆಯಲ್ಲಿ ಮುಲಾಜಿಲ್ಲದೆ ಹೇಳುವುದು ನನ್ನ ಫೋನು ಒಂದೇ. ತೆಲಂಗಾಣದ ನಾರಾಯಣಪೇಟೆಯ ನಮ್ಮ ಮನೆಗೆ ಇರುವುದು ಎರಡು ಕೋಣೆ. ಮುಂದಿನ ಕೋಣೆಯನ್ನು ಎರಡು ಮಗ್ಗಗಳು ಹಿಡಿದು ಕೂತಿವೆ. ಒಂದು ನನ್ನದು, ಇನ್ನೊಂದು ನನ್ನ ಹೆಂಡತಿ ಶಾಂತಮ್ಮನದು. ಆದರೂ ಮದುವೆಗೆಂದೋ ಆಸ್ಪತ್ರೆಗೆಂದೋ ಬಂದ ನೆಂಟರು ಇವತ್ತಿನವರೆಗೆ ಹೊರಗೆ ಮಲಗಿದ್ದಿಲ್ಲ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡಾದರೂ ಊಟ ಮಾಡಿ ಹೋಗಿದ್ದಾರೆ. ಬಂದವರಿಗೆ ‘ಇಲ್ಲ’ ಎನ್ನುವುದು ನನಗೆ ಬರುವುದಿಲ್ಲ. ‘ನನಗೆ ಗೊತ್ತಿಲ್ಲ’, ‘ನನಗೆ ಕಾಣಲಿಲ್ಲ’ ಎನ್ನುವುದಂತೂ ಮೊದಲೇ ಬರುವುದಿಲ್ಲ. ಈ ಎರಡನೆಯ ದೋಷವೇ ನನ್ನನ್ನು ಗದ್ವಾಲದವರೆಗೆ ಓಡಾಡಿಸಿದ್ದು.

ನನ್ನದು ಅಗ್ಗದ ಫೋನು. ಕೊಳ್ಳುವಾಗ ಅಂಗಡಿಯವನು, “ಹದಿನಾರು ಜಿಬಿ ಐತ್ರಿ, ನಿಮಗ ಸಾಯೋತನಕ ಸಾಕು” ಎಂದಿದ್ದ. ಎಂಟು ತಿಂಗಳಲ್ಲಿ ಅದು ತುಂಬಿತು. ಅಂಗಡಿಯವನ ಲೆಕ್ಕದ ಪ್ರಕಾರ ನಾನು ಈಗ ಬದುಕಿರಬಾರದು. ಒಳಗೆ ಅಂಥದ್ದೇನಿದೆ ಎಂದು ನೋಡಿದರೆ ಅರ್ಧ ನನ್ನ ಸೀರೆಗಳ ಫೋಟೋ. ನೇಯುವವನ ಮನೆಯಲ್ಲಿ ಸೀರೆ ಉಳಿಯುವುದಿಲ್ಲವಲ್ಲ. ಮಗ್ಗದಿಂದ ಇಳಿದದ್ದು ಮಡಿಕೆಯಾಗಿ ಹೊರಟುಹೋಗುತ್ತದೆ. ಯಾರು ಉಟ್ಟರು, ಎಲ್ಲಿ ಉಟ್ಟರು ಎಂಬುದು ನಮಗೆ ತಿಳಿಯುವುದೇ ಇಲ್ಲ. ಆದ್ದರಿಂದ ಹೋಗುವ ಮುಂಚೆ ಅಂಚಿನದೊಂದು, ಸೆರಗಿನದೊಂದು, ಶಾಂತಮ್ಮ ಹೆಗಲ ಮೇಲೆ ಹಾಕಿಕೊಂಡು ನಿಂತದ್ದೊಂದು ಹೀಗೆ ಫೋಟೋ ತೆಗೆದು ಇಟ್ಟುಕೊಳ್ಳುತ್ತೇನೆ. ಇನ್ನರ್ಧ ನನ್ನ ಭಾವಮೈದುನ ಮಲ್ಲೇಶಿಯ ಕೊಡುಗೆ. ಮಕ್ತಲ್‌ನಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿರುವ ಅವನು ಬೆಳಿಗ್ಗೆ ಐದಕ್ಕೆ ಎದ್ದು, ಹಲ್ಲುಜ್ಜುವ ಮೊದಲು, ಗುಲಾಬಿ ಹೂವಿನ ಮೇಲೆ ಶುಭೋದಯ ಬರೆದು ಕಳಿಸುತ್ತಾನೆ. ಏಕಾದಶಿಯಾದರೆ ಹಾಡಿನ ಸಮೇತ ವಿಡಿಯೋ. ಅಳಿಸೋಣವೆಂದರೆ ಶಾಂತಮ್ಮ ಬಿಡಳು. “ನಿಮ್ಮ ಸೀರಿ ಫೋಟೋ ಅಳಿಸ್ರಿ. ನಮ್ಮ ತಮ್ಮ ಪ್ರೀತಿಲೆ ಕಳಿಸಿದ್ದು ಯಾಕ ಅಳಸ್ತೀರಿ?” ಎನ್ನುತ್ತಾಳೆ. ಸೀರೆಯನ್ನು ಅಳಿಸಲು ನನಗೆ ಮನಸ್ಸಿಲ್ಲ, ತಮ್ಮನನ್ನು ಅಳಿಸಲು ಅವಳಿಗೆ ಮನಸ್ಸಿಲ್ಲ. ಹೀಗಾಗಿ ಫೋನು ಬಸುರಿಯಂತೆ ನಿಧಾನವಾಗಿ ಉಸಿರಾಡುತ್ತಿತ್ತು.

ಆಗಲೇ ಗದ್ವಾಲದಿಂದ ಸುಶೀಲಮ್ಮನವರ ಕರೆ ಬಂತು. ನಿವೃತ್ತ ಟೀಚರು, ತವರು ರಾಯಚೂರು, ಒಳ್ಳೆಯ ಕನ್ನಡ. ತಿಂಗಳೊಪ್ಪತ್ತಿನಲ್ಲಿ ಮೊಮ್ಮಗಳ ಮದುವೆ. ತಮ್ಮ ತಾಯಿಯ ಧಾರೆ ಸೀರೆ ಜೀರ್ಣವಾಗಿದೆ, ಮಡಿಕೆ ಬಿಚ್ಚಿದರೆ ಹರಿಯುತ್ತದೆ. ಅದೇ ತರಹದ್ದು ಮೊಮ್ಮಗಳಿಗೆ ಬೇಕು ಎಂದರು. “ಫೋಟೋ ಕಳಿಸೀನಿ ನೋಡ್ರಿ ನಾಗಪ್ಪ. ಎಲ್ಲಾ ಅದರಾಗ ಐತಿ.”

ನೋಡಿದೆ. ಫೋಟೋ ಇಳಿಯಲಿಲ್ಲ. ಮಂಜು ಕವಿದಂಥ ಒಂದು ಚೌಕ, ನಡುವೆ ಕೆಳಮುಖದ ಬಾಣ. ಒತ್ತಿದರೆ ಫೋನು ತನ್ನ ಎಂದಿನ ಮಾತು ಹೇಳಿತು. ಆಗ ನಾನು ಮಾಡಬೇಕಾಗಿದ್ದದ್ದು ಇಷ್ಟೇ: ‘ಅಮ್ಮಾ, ಫೋನಿನಲ್ಲಿ ಜಾಗ ಇಲ್ಲ, ಫೋಟೋ ತೆರೆದಿಲ್ಲ’ ಎಂದು ಹೇಳುವುದು. ಮೂವತ್ತು ವರ್ಷ ಮಗ್ಗದಲ್ಲಿ ಕೂತವನು ಟೀಚರಮ್ಮನ ಮುಂದೆ ಹಾಗೆ ಹೇಳುವುದೇ? ಕೈ ಮುಗಿದ ಚಿತ್ರ ಕಳಿಸಿ, ಕೆಳಗೆ ‘ನೋಡಿದೆ, ಬಹಳ ಚೆಂದ ಇದೆ’ ಎಂದು ಬರೆದೆ.

ಆಮೇಲೆ ಕನ್ನಡಕ ಹಾಕಿ, ಕನ್ನಡಕ ತೆಗೆದು, ಬಿಸಿಲಿಗೆ ಹಿಡಿದು ಆ ಮಂಜನ್ನು ಓದಿದೆ. ಮೈ ತುಂಬ ಗಿಳಿಹಸಿರು. ಒಂದು ಪಕ್ಕಕ್ಕೆ ಕೆಂಪನೆಯ ಉದ್ದ ಪಟ್ಟಿ; ಅದು ಅಂಚು. ಹಸಿರಿನ ಮೇಲೆ ಸಾಲು ಹಿಡಿದು ಹಳದಿ ಚುಕ್ಕೆಗಳು. ಅವು ಜರಿಯ ಬುಟ್ಟಾ. ಇಷ್ಟು ಗೊತ್ತಾದ ಮೇಲೆ ಇನ್ನೇನು ಬೇಕು? ಆದರೂ ಒಮ್ಮೆ ಖಾತ್ರಿ ಮಾಡಿಕೊಳ್ಳೋಣವೆಂದು ಫೋನು ಮಾಡಿ, ಜಾಣತನದಿಂದ ಕೇಳಿದೆ: “ಅಮ್ಮಾರ, ಬಣ್ಣ ಫೋಟೋದಾಗ ಇದ್ದಂಗ ಇರಬೇಕೇನ್ರಿ?”

“ಹಂಗ ಇರಬೇಕ್ರಿ. ಒಂದು ಎಳಿ ಹೆಚ್ಚು ಕಡಿಮಿ ಆಗಬಾರದು.”

ಶಾಂತಮ್ಮನಿಗೆ ಮಾತ್ರ ಅನುಮಾನ. “ಹಳೇ ಧಾರಿ ಸೀರಿ ಇಷ್ಟು ಗಿಳಿಹಸರು ಎಲ್ಲಿ ಇರ್ತಿತ್ರಿ? ಇನ್ನೊಮ್ಮೆ ಕೇಳ್ರಿ” ಎಂದಳು. “ಫೋಟೋ ನೋಡಿದವ ನಾನೋ ನೀನೋ?” ಎಂದು ಅವಳ ಬಾಯಿ ಮುಚ್ಚಿಸಿದೆ. ನೂಲಿಗೆ ಬಣ್ಣ ಹಾಕಿಸಿ, ಮೂರು ಸೀರೆಗೆ ಆಗುವಷ್ಟು ಉದ್ದೆಳೆಗಳ ಹಾಸನ್ನು ಮಗ್ಗಕ್ಕೆ ಬಿಗಿದೆ. ಒಂದೇ ಸೀರೆಗೆಂದು ಯಾರೂ ಹಾಸು ಹೂಡುವುದಿಲ್ಲ. ಉಳಿದೆರಡನ್ನು ಎಲ್ಲಾದರೂ ಮಾರಬಹುದು. ಇಪ್ಪತ್ತನೆಯ ದಿನಕ್ಕೆ ಮೊದಲ ಸೀರೆ ಇಳಿಯಿತು. ನಾನೇ ಹೇಳಿಕೊಳ್ಳಬಾರದು, ಬೆಳಗಿನ ಹೊಲದಂತೆ ಇತ್ತು. ಕೊರಿಯರ್‌ಗೆ ಕೊಡಲು ಮನಸ್ಸಾಗದೆ, ನಾನೇ ಚೀಲದಲ್ಲಿ ಇಟ್ಟುಕೊಂಡು ಮಕ್ತಲ್ ಬಸ್ಸು ಹತ್ತಿದೆ.

ಮಕ್ತಲ್‌ನಲ್ಲಿ ಗದ್ವಾಲದ ಬಸ್ಸಿಗೆ ಒಂದು ಗಂಟೆ ಇತ್ತು. ಮಲ್ಲೇಶಿಯ ಅಂಗಡಿಯಲ್ಲಿ ಕೂತೆ. ಚಹಾ ತರಿಸಿದ ಅವನು, ತನ್ನ ಅವತ್ತಿನ ಗುಲಾಬಿ ನನಗೆ ತಲುಪಿಲ್ಲವೆಂದು ನೊಂದುಕೊಂಡು ನನ್ನ ಫೋನು ಇಸಿದುಕೊಂಡ. ಸ್ವಲ್ಪ ಹೊತ್ತು ಬೆರಳಾಡಿಸಿದವನ ಮುಖ ಸಣ್ಣದಾಯಿತು.

“ಮಾಮಾ, ಇದರಾಗ ಅರ್ಧಕ್ಕಿಂತ ಜಾಸ್ತಿ ನಾನ ಅದೀನಲ್ರಿ! ಹೇಳಬಾರದೇನ್ರಿ?”

“ನಿಮ್ಮಕ್ಕ ಬೈತಾಳಪ್ಪ.”

“ಅಕ್ಕಗ ನಾ ಹೇಳ್ತೀನಿ ಬಿಡ್ರಿ” ಎಂದು, ತಾನು ಇಷ್ಟು ದಿನ ಕಳಿಸಿದ್ದ ಶುಭೋದಯಗಳನ್ನೆಲ್ಲ ತನ್ನ ಕೈಯಿಂದಲೇ ಅಳಿಸಿಬಿಟ್ಟ. ಫೋನಿಗೆ ಉಸಿರು ಬಂತು. ಸುಮ್ಮನಿರಲಾರದೆ ಸುಶೀಲಮ್ಮನವರ ಆ ಬಾಣವನ್ನು ಒತ್ತಿದೆ. ಮಂಜು ಕರಗಿತು.

ಅದು ಒಂದು ಬಾಗಿಲು. ಗಿಳಿಹಸಿರು ಬಣ್ಣ ಬಳಿದ ದೊಡ್ಡ ಹಳೇ ಬಾಗಿಲು. ನಾನು ಬುಟ್ಟಾ ಎಂದುಕೊಂಡಿದ್ದು ಅದರ ಮೇಲೆ ಬಡಿದ ಹಿತ್ತಾಳೆ ಮೊಳೆಗಳು. ಬಾಗಿಲಿನ ಒಂದು ಪಕ್ಕಕ್ಕೆ, ನಾಲ್ಕು ಮಡಿಕೆ ಮಾಡಿ ಮೇಲಿಂದ ಇಳಿಬಿಟ್ಟಿದ್ದ ಕುಂಕುಮಗೆಂಪು ಬಟ್ಟೆಯೇ ಸೀರೆ. ಅದಕ್ಕೆ ಅರಿಶಿನದ ಸಣ್ಣ ಅಂಚೂ ಇತ್ತು.

ಮಲ್ಲೇಶಿ ಫೋಟೋ ನೋಡಿದ, ಚೀಲದಿಂದ ಇಣುಕುತ್ತಿದ್ದ ಸೀರೆ ನೋಡಿದ. ಪಾಪ, ನಗಲಿಲ್ಲ. “ಇನ್ನೊಂದು ಚಹಾ ಹೇಳ್ಲೇನ್ರಿ?” ಎಂದು ಮಾತ್ರ ಕೇಳಿದ.

ವಾಪಸು ಹೋಗಿಬಿಡೋಣ ಎನ್ನಿಸಿತು. ಆದರೆ ಮದುವೆಗೆ ಇನ್ನು ಹದಿನೈದು ದಿನ ಇತ್ತು; ಸುಳ್ಳನ್ನು ಇನ್ನೂ ಎಳೆದರೆ ಹುಡುಗಿ ಧಾರೆಗೆ ಆ ಸೀರೆಯಿಲ್ಲದೆ ನಿಲ್ಲಬೇಕಾಗುತ್ತಿತ್ತು. ಗದ್ವಾಲದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಕಟ್ಟಿದೆ, ಬಿಚ್ಚಿದೆ. ಜುರಾಲಾ ಡ್ಯಾಮಿನ ಮೇಲೆ ಎಲ್ಲರೂ ಕಿಟಕಿಯಿಂದ ನೀರು ನೋಡುತ್ತಿದ್ದರೆ ನಾನು ಚೀಲ ನೋಡುತ್ತಿದ್ದೆ. ಮನೆ ಹುಡುಕುವ ಕಷ್ಟ ಮಾತ್ರ ಆಗಲಿಲ್ಲ. ಬೀದಿಯ ತಿರುವಿನಲ್ಲೇ ಬಾಗಿಲು ಗುರುತು ಸಿಕ್ಕಿತು.

ಒಳಗೆ ಹೋಗಿ, ನೀರು ಕುಡಿದು, ಸೀರೆಯನ್ನು ಬಿಚ್ಚಿ ಸುಶೀಲಮ್ಮನವರ ಮುಂದೆ ಹಾಸಿದೆ. “ತಪ್ಪಾಗೇತ್ರಿ ಅಮ್ಮಾರ. ಫೋಟೋ ಕಂಡಿದ್ದಿಲ್ಲ. ಕಂಡೇತಿ ಅಂತ ಸುಳ್ಳು ಹೇಳಿದೆ” ಎಂದೆ. ಅವರು ಸೀರೆಯನ್ನು ದಿಟ್ಟಿಸಿದರು. ತಲೆ ಎತ್ತಿ ಬಾಗಿಲನ್ನು ದಿಟ್ಟಿಸಿದರು. ತರಗತಿಯಲ್ಲಿ ತಪ್ಪು ಲೆಕ್ಕ ಹಿಡಿದು ನಿಂತ ಹುಡುಗನಂತೆ ನಾನು ಬೆವೆತೆ.

“ನಾ ಸೀರಿ ಕೇಳಿದರ, ನೀವು ನಮ್ಮ ಬಾಗಿಲಾ ನೇಯ್ದು ತಂದೀರಲ್ರಿ ನಾಗಪ್ಪ! ಮೊಳಿ ಸೈತ ಬಿಟ್ಟಿಲ್ಲ!” ಎಂದವರು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಗು ನಿಲ್ಲಲಿಲ್ಲ. ಅಡುಗೆಮನೆಯಿಂದ ಬಂದ ಸೊಸೆ ಏನೆಂದು ಕೇಳಿ, ಸೀರೆ ಎತ್ತಿ ಹೆಗಲಿಗೆ ಹಾಕಿಕೊಂಡು ಕನ್ನಡಿಯ ಮುಂದೆ ಹೋದಳು. ಅಲ್ಲಿಂದಲೇ, “ಅತ್ತಿ, ಇದು ನನಗ ಇರಲಿ. ಬಾಳ ಚೆಂದ ಐತಿ, ಚಾಲಾ ಬಾಗುಂದಿ” ಎಂದಳು. ಸುಶೀಲಮ್ಮನವರು ಕಣ್ಣೊರೆಸಿಕೊಂಡು ಒಳಗೆ ಹೋಗಿ, ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ತಾಯಿಯ ಸೀರೆಯನ್ನೇ ತಂದು ನನ್ನ ಮಡಿಲಲ್ಲಿಟ್ಟರು. “ಇದನ್ನ ಹಿಡಕೊಂಡು ಹೋಗ್ರಿ. ಇದು ತೆರಿಯಾಕ ಜಾಗ ಏನೂ ಬೇಕಾಗಂಗಿಲ್ಲ” ಎಂದರು. ಬಸ್ಸಿನಲ್ಲಿ ನಾನು ಅದನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದೆ.

ನನ್ನ ಮಗ್ಗದಲ್ಲಿ ಹಸಿರು ಹಾಸು ಇನ್ನೂ ಎರಡು ಸೀರೆಯಷ್ಟು ಕೂತಿತ್ತು. ಅದೃಷ್ಟಕ್ಕೆ ಶಾಂತಮ್ಮನ ಮಗ್ಗದ ಹಾಸು ಅವತ್ತೇ ಮುಗಿದಿತ್ತು. ನಡೆದದ್ದೆಲ್ಲ ಕೇಳಿದ ಅವಳು, ಹಳೇ ಸೀರೆಯ ಅಂಚಿನ ಎಳೆಗಳನ್ನು ಭೂತಗನ್ನಡಿ ಹಿಡಿದು ಎಣಿಸಿ, ಹೊಸ ಹಾಸು ಹೂಡಿ, ತಾನೇ ಕೂತು ನೇಯ್ದಳು. ನನ್ನ ಪಾಲಿಗೆ ಬಂದದ್ದು ಕಂಡಿಕೆಗೆ ನೂಲು ಸುತ್ತುವುದು ಮತ್ತು ಅನ್ನ ಬಸಿಯುವುದು. ಮದುವೆಗೆ ಎರಡು ದಿನ ಇರುವಾಗ ಎರಡೂ ಕುಂಕುಮಗೆಂಪು ಸೀರೆಗಳು, ಹಳೆಯದು ಮತ್ತು ಹೊಸದು, ಗದ್ವಾಲ ತಲುಪಿದವು. ಸುಶೀಲಮ್ಮನವರು ಎರಡನ್ನೂ ಪಕ್ಕಪಕ್ಕ ಇಟ್ಟು ಅಂಚಿಗೆ ಅಂಚು ಹೊಂದಿಸಿ ನೋಡಿದರು. ಆಮೇಲೆ ಹೊಸದನ್ನು ಮೂಸಿ ನೋಡಿ, “ಶಾಂತಮ್ಮಗ ನಾ ಕೈ ಮುಗಿದೀನಿ ಅಂತ ಹೇಳ್ರಿ” ಎಂದರು.

ಮದುವೆ ಮುಗಿದು ವಾರವಾಗಿರಬಹುದು. ಗದ್ವಾಲದ ಒಬ್ಬ ಸೀರೆ ವ್ಯಾಪಾರಿ ಫೋನು ಮಾಡಿದರು. ಮದುವೆಯಲ್ಲಿ ಯಾರೋ ಸೊಸೆಯೊಬ್ಬಳು ಹಸಿರು ಸೀರೆ ಉಟ್ಟಿದ್ದಳಂತೆ, ಹೆಂಗಸರೆಲ್ಲ ಅದನ್ನೇ ಕೇಳುತ್ತಿದ್ದಾರಂತೆ. ಅಂಥವು ಎರಡು ತಕ್ಷಣ ಬೇಕು ಎಂದರು. ನಾನು ನನ್ನ ಮಗ್ಗದಲ್ಲಿ ಇನ್ನೂ ಕೂತಿದ್ದ ಹಸಿರು ಹಾಸಿನ ಮೇಲೆ ಕೈಯಾಡಿಸಿದೆ.

“ಇಂಥಾ ಡಿಸೈನ್ ನಿಮ್ಮ ತಲ್ಯಾಗ ಹೆಂಗ ಬಂತ್ರಿ ನಾಗಪ್ಪ?”

ನಿಜ ಹೇಳಬೇಕೆಂದೇ ಬಾಯಿ ತೆರೆದೆ. ಆದರೆ ಅವರ ದನಿಯಲ್ಲಿದ್ದ ಗೌರವ ಕೇಳಿ ಮಾತು ತಾನೇ ದಾರಿ ಬದಲಿಸಿತು.

“ನಮ್ಮ ಮುತ್ತಾತನ ಕಾಲದ್ರಿ ಸಾವ್ಕಾರ” ಎಂದೆ.

ಪಕ್ಕದ ಮಗ್ಗದ ಸದ್ದು ನಿಂತಿತು. ನಾನು ಫೋನು ಕೆಳಗಿಡುವವರೆಗೆ ಕಾದು, ಶಾಂತಮ್ಮ ಕೇಳಿದಳು: “ನಿಮ್ಮ ಮುತ್ತಾತನ ಫೋನಿನ್ಯಾಗೂ ಜಾಗ ಇದ್ದಿಲ್ಲೇನ್ರಿ?”